ಕಲಬುರಗಿಯ ಬೇಸಿಗೆಯಲ್ಲಿ ಒಂದು ಲಿಕ್ವಿಡ್ ಕೂಲರ್ ಪರೀಕ್ಷೆ

ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯ ಹೊರವಲಯದಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನನ್ನೂ ನಿಲ್ಲಿಸಿ, ಕಂಪ್ಯೂಟರಿನ ಮುಂದೆ ಥರ್ಮಾಮೀಟರ್ ಇಟ್ಟುಕೊಂಡು ಕುಳಿತಿದ್ದೆ. ಹೊರಗೆ 42 ಡಿಗ್ರಿ, ಕೋಣೆಯೊಳಗೆ 36. ಅಣ್ಣನ ಮಗ ಬಾಗಿಲು ತೆರೆದು, "ಕಾಕಾ, ಇಷ್ಟು ಝಳದಾಗ ಫ್ಯಾನ್ ಬಂದ್ ಮಾಡಿ ಯಾಕ ಕುಂತೀರಿ?" ಎಂದು ಕೇಳುತ್ತಲೇ ಸ್ವಿಚ್ ಒತ್ತಿಬಿಟ್ಟ. ಚಾವಣಿಯ ಕೆಳಗೆ ನಿಂತಿದ್ದ ಬಿಸಿಗಾಳಿಯೆಲ್ಲ ಕೆಳಗಿಳಿದು ಕ್ಯಾಬಿನೆಟ್ಟಿನ ಮುಂಭಾಗವನ್ನು ಮುಟ್ಟಿತು. 18 ನಿಮಿಷಗಳಿಂದ ಕಾಯ್ದುಕೊಂಡು ಬಂದಿದ್ದ ಅಳತೆ ಅಲ್ಲಿಗೆ ಕೆಟ್ಟಿತು. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಅವನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು, ಮತ್ತು ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಲು ನನಗೆ ಸಾಧ್ಯವಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಕಟ್ಟಡಗಳ ಒಳಾಂಗಣ, ಹೊರಾಂಗಣಗಳ ಚಿತ್ರಗಳನ್ನು ಬ್ಲೆಂಡರ್ ತಂತ್ರಾಂಶದಲ್ಲಿ ರೂಪಿಸಿ ಎಂಜಿನಿಯರುಗಳಿಗೂ ಮನೆ ಕಟ್ಟಿಸುವವರಿಗೂ ಒದಗಿಸುವುದು ನನ್ನ ಉದ್ಯೋಗ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಯದಷ್ಟು ದೊಡ್ಡ ದೃಶ್ಯಗಳನ್ನು ಪ್ರೊಸೆಸರಿನಿಂದಲೇ ರೆಂಡರ್ ಮಾಡಿಸಬೇಕಾಗುತ್ತದೆ, ಅಂದರೆ ಲೆಕ್ಕ ಹಾಕಿಸಿ ಅಂತಿಮ ಚಿತ್ರವಾಗಿಸಬೇಕಾಗುತ್ತದೆ. ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗಿದರೆ ಬೆಳಗಿನವರೆಗೂ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಹದಿನಾರು ಕೋರ್‌ಗಳು ಬಿಡುವಿಲ್ಲದೆ ದುಡಿಯುತ್ತವೆ. ನನ್ನ ಬಳಿಯಿರುವುದು ಎಎಂಡಿ ಕಂಪನಿಯ ರೈಜನ್ 9 7950ಎಕ್ಸ್. 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಪ್ರೊಸೆಸರಿನ ಪೆಟ್ಟಿಗೆಯ ಮೇಲೆ 170 ವ್ಯಾಟ್ ಎಂದು ಬರೆದಿದ್ದರೂ, ತಾನು ಕೂರುವ ಸಾಕೆಟ್ಟಿನ ಮೂಲಕ ಅದು 230 ವ್ಯಾಟ್‌ವರೆಗೆ ಎಳೆದುಕೊಳ್ಳಲು ಅನುಮತಿಯಿದೆ. ಎಳೆದುಕೊಂಡ ಅಷ್ಟೂ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬರಬೇಕು.

ಈ ಶಾಖದ ಪ್ರಮಾಣಕ್ಕಿಂತ ಅದು ಹುಟ್ಟುವ ಜಾಗ ಎಷ್ಟು ಚಿಕ್ಕದು ಎಂಬುದು ಮುಖ್ಯ. 7950ಎಕ್ಸ್‌ನ ಕೋರ್‌ಗಳು ಎರಡು ಸಿಲಿಕಾನ್ ತುಣುಕುಗಳಲ್ಲಿ ಹಂಚಿಕೊಂಡಿವೆ. ಒಂದೊಂದರ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಮನೆಯಲ್ಲಿ ಬಳಸುವ 1,000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಇರುತ್ತದೆ; ಚದರ ಸೆಂಟಿಮೀಟರಿಗೆ 5 ವ್ಯಾಟ್ ಲೆಕ್ಕ ಬೀಳುತ್ತದೆ. ಪ್ರೊಸೆಸರಿನಲ್ಲಿ ಇದೇ ಲೆಕ್ಕ 140 ವ್ಯಾಟ್ ಸಮೀಪಕ್ಕೆ ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಒತ್ತೊತ್ತಾಗಿ ಹುಟ್ಟುವ ಶಾಖವನ್ನು ಅಷ್ಟು ಸಣ್ಣ ಜಾಗದಿಂದ ಎತ್ತಿ, ದೊಡ್ಡ ಜಾಗಕ್ಕೆ ಹರಡಿ, ಗಾಳಿಗೆ ಒಪ್ಪಿಸುವುದೇ ಕೂಲರಿನ ಕೆಲಸ.

ಆಲ್-ಇನ್-ಒನ್ ಲಿಕ್ವಿಡ್ ಕೂಲರ್ ಎಂದು ಕರೆಯುವ ಸಾಧನದಲ್ಲಿ ಈ ಸಾಗಾಣಿಕೆಯನ್ನು ನೀರು ಮಾಡುತ್ತದೆ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ತಟ್ಟೆಯ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ಕೊರೆದಿರುತ್ತಾರೆ. ಪುಟ್ಟ ಪಂಪೊಂದು ಆ ಕಾಲುವೆಗಳ ಮೂಲಕ ಗ್ಲೈಕಾಲ್ ಮತ್ತು ತುಕ್ಕು ನಿರೋಧಕಗಳನ್ನು ಬೆರೆಸಿದ ನೀರನ್ನು ಹಾಯಿಸುತ್ತದೆ. ಬಿಸಿಯಾದ ದ್ರವ ರಬ್ಬರ್ ಕೊಳವೆಯಲ್ಲಿ ಹರಿದು ಅಲ್ಯೂಮಿನಿಯಮ್ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಫ್ಯಾನುಗಳ ಗಾಳಿಗೆ ಶಾಖವನ್ನು ಕೊಟ್ಟು ಮರಳುತ್ತದೆ. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲದು. ಬೆರಳು ಗಾತ್ರದ ಕೊಳವೆ ಇಷ್ಟು ಕೆಲಸ ಮಾಡುವುದು ಆ ಗುಣದಿಂದ. ಕಾರ್ಖಾನೆಯಲ್ಲಿಯೇ ದ್ರವ ತುಂಬಿ, ಮುದ್ರೆ ಹಾಕಿ ಕಳುಹಿಸುವ ಈ ಬಗೆಯ ಕೂಲರುಗಳು ಸಾಮಾನ್ಯ ಗ್ರಾಹಕರಿಗೆ ಪರಿಚಿತವಾದದ್ದು 2009ರಲ್ಲಿ ಬಂದ ಕೋರ್ಸೇರ್ ಎಚ್50 ಕಾಲದಿಂದ. ಪಂಪನ್ನು ತಾಮ್ರದ ತಟ್ಟೆಯ ಮೇಲೆಯೇ ಕೂರಿಸುವ ಅದರ ವಿನ್ಯಾಸ ಡೆನ್ಮಾರ್ಕಿನ ಅಸೆಟೆಕ್ ಕಂಪನಿಯದು. ಅದಕ್ಕೂ ಮೊದಲೇ, 2004ರಲ್ಲಿ, ಆಪಲ್ ತನ್ನ ಪವರ್ ಮ್ಯಾಕ್ ಜಿ5ನ 2.5 ಗಿಗಾಹರ್ಟ್ಸ್ ಮಾದರಿಯನ್ನು ದ್ರವದಿಂದ ತಂಪಾಗಿಸಿತ್ತು.

ನನ್ನ ಹಳೆಯ ಲಿಕ್ವಿಡ್ ಕೂಲರ್ ಮೂರನೆಯ ವರ್ಷದಲ್ಲಿ ಕೈಕೊಟ್ಟಿತು. ಯಾವ ಕಂಪನಿಯದೆಂದು ಹೇಳುವುದು ಇಲ್ಲಿ ಅನಗತ್ಯ. ಹೊಸದರ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ನಾನು ಬರೆಯಹೊರಟಿರುವುದು ಅಳೆಯುವ ಬಗೆಯನ್ನು ಕುರಿತು. ಒಂದು ಬೆಳಿಗ್ಗೆ ಯಂತ್ರ ಸುಮ್ಮನಿದ್ದಾಗಲೇ ಪ್ರೊಸೆಸರ್ 75 ಡಿಗ್ರಿ ತೋರಿಸುತ್ತಿತ್ತು. ಕ್ಯಾಬಿನೆಟ್ಟಿನ ಬದಿಯ ಗಾಜನ್ನು ತೆಗೆದು ಎರಡು ಕೊಳವೆಗಳನ್ನೂ ಎರಡು ಕೈಗಳಿಂದ ಹಿಡಿದು ನೋಡಿದೆ. ಒಂದು ಕೊಳವೆ ತಟ್ಟೆಯ ಹತ್ತಿರ ಕೈಸುಡುವಷ್ಟು ಬಿಸಿಯಾಗಿತ್ತು. ಇನ್ನೊಂದು ಕೋಣೆಯ ಗೋಡೆಯಷ್ಟೇ ತಣ್ಣಗಿತ್ತು. ಬಿಸಿನೀರು ಹೋಗುವ ಕೊಳವೆ ಬಿಸಿಯಾಗಿ, ತಣ್ಣೀರು ಬರುವ ಕೊಳವೆ ತಣ್ಣಗಿದ್ದರೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹಲವರು ತಿಳಿಯುತ್ತಾರೆ, ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಲೆಕ್ಕ ಹಾಕಿದರೆ ಅದು ತಿರುವುಮುರುವು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದ್ದರೆ, 200 ವ್ಯಾಟ್ ಶಾಖವನ್ನು ಹೊತ್ತುಕೊಂಡಾಗಲೂ ಆ ನೀರಿನ ಉಷ್ಣಾಂಶ 3 ಡಿಗ್ರಿಗಿಂತ ತುಸು ಕಡಿಮೆಯೇ ಏರುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಕೂಲರಿನಲ್ಲಿ ಎರಡೂ ಕೊಳವೆಗಳು ಕೈಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಬೆಚ್ಚಗಿರಬೇಕು. ಕೈಗೆ ಗೊತ್ತಾಗುವಷ್ಟು ಅಂತರವಿದ್ದರೆ ಹರಿವು ನಿಂತಿದೆ ಅಥವಾ ನಿಲ್ಲುತ್ತಿದೆ ಎಂದೇ ಅರ್ಥ. ನನ್ನ ಪಂಪ್ ನಿಂತಿತ್ತು.

ಹೊಸದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳುವ ಮುನ್ನ ಹಲವಾರು ವಿಮರ್ಶೆಗಳನ್ನು ಓದಿದೆ, ವಿಡಿಯೊಗಳನ್ನು ನೋಡಿದೆ. ಅವುಗಳಲ್ಲಿ ಬಹುತೇಕ 21ರಿಂದ 25 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ನಡೆದವು. "ಈ ಕೂಲರಿನಲ್ಲಿ ಪ್ರೊಸೆಸರ್ 68 ಡಿಗ್ರಿ" ಎಂಬ ಮಾತನ್ನು ಓದಿದ ನಮ್ಮ ಊರಿನವನು ತನ್ನ ಕೋಣೆಯಲ್ಲಿ 80 ಕಂಡಾಗ, ಮೋಸಹೋದೆನೆಂದು ಕೊರಗುವುದು ಸಹಜ. ಆದರೆ ಯಾವ ಫ್ಯಾನೂ, ಯಾವ ರೇಡಿಯೇಟರೂ ತನ್ನ ಮೇಲೆ ಹಾಯುವ ಗಾಳಿಗಿಂತ ತಣ್ಣಗಾಗಲಾರದು. ಕೋಣೆ 12 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಪ್ರೊಸೆಸರೂ ಸುಮಾರು ಅಷ್ಟೇ ಹೆಚ್ಚು ಬಿಸಿಯಾಗಿರುತ್ತದೆ. ಮಂಗಳೂರಿನ ಗೆಳೆಯರೊಬ್ಬರು, ತಮ್ಮ ಊರಿನ ತೇವದ ಹವೆಯಲ್ಲಿ ಇಂಥ ಕೂಲರಿನ ಕೊಳವೆಗಳ ಮೇಲೆ ನೀರಿನ ಹನಿ ಕಟ್ಟಿ ಮದರ್‌ಬೋರ್ಡಿಗೆ ತೊಟ್ಟಿಕ್ಕುವುದಿಲ್ಲವೇ ಎಂದು ಕಳವಳದಿಂದ ಕೇಳಿದ್ದರು. ಇದೇ ಕಾರಣದಿಂದ ಅದು ಆಗದು: ದ್ರವ ಕೋಣೆಯ ಗಾಳಿಗಿಂತ ಸದಾ ಬೆಚ್ಚಗೇ ಇರುವುದರಿಂದ ಇಬ್ಬನಿ ಕಟ್ಟಲು ಅವಕಾಶವೇ ಇಲ್ಲ.

ಹಾಗಾಗಿ ಪ್ರೊಸೆಸರಿನ ಉಷ್ಣಾಂಶದಿಂದ ಕೋಣೆಯ ಉಷ್ಣಾಂಶವನ್ನು ಕಳೆದು ಉಳಿಯುವ ವ್ಯತ್ಯಾಸವೇ ಕೂಲರಿನ ನಿಜವಾದ ಗುಣ. ಕೇಳಲು ಇದು ಸರಳ. ಆದರೆ ಈಗಿನ ಪ್ರೊಸೆಸರುಗಳು ಇಷ್ಟಕ್ಕೇ ಬಿಡುವುದಿಲ್ಲ. 7950ಎಕ್ಸ್‌ಗೆ ಅದರ ತಯಾರಕರು 95 ಡಿಗ್ರಿಯ ಮಿತಿಯನ್ನು ಹಾಕಿದ್ದಾರೆ, ಮತ್ತು ಆ ಮಿತಿಯವರೆಗೆ ಏರಿ ದುಡಿಯುವುದು ಅದರ ಸಹಜ ನಡವಳಿಕೆಯೆಂದೇ ಹೇಳಿದ್ದಾರೆ. ಕೂಲರ್ ಚೆನ್ನಾಗಿದ್ದರೆ ಅದು ಇನ್ನಷ್ಟು ವಿದ್ಯುತ್ತನ್ನು ಎಳೆದುಕೊಂಡು, ಇನ್ನಷ್ಟು ವೇಗವಾಗಿ ಓಡಿ, 95ಕ್ಕೆ ತಲುಪುತ್ತದೆ. ಕೂಲರ್ ದುರ್ಬಲವಾಗಿದ್ದರೆ ಕಡಿಮೆ ವಿದ್ಯುತ್ತಿನಲ್ಲೇ 95ಕ್ಕೆ ತಲುಪಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಉಷ್ಣಾಂಶವನ್ನಷ್ಟೇ ನೋಡುವವನಿಗೆ ಒಳ್ಳೆಯ ಕೂಲರೂ ಸಾಧಾರಣ ಕೂಲರೂ ಒಂದೇ ಸಂಖ್ಯೆಯನ್ನು ತೋರಿಸುತ್ತವೆ. ವ್ಯಾಟ್ ಎಷ್ಟೆಂದು ಹೇಳದ ಉಷ್ಣಾಂಶಕ್ಕೆ ಅರ್ಥವಿಲ್ಲ. ಕೋಣೆ ಎಷ್ಟು ಬಿಸಿಯಾಗಿತ್ತೆಂದು ಹೇಳದ ಉಷ್ಣಾಂಶಕ್ಕೂ ಇಲ್ಲ.

ಆದ್ದರಿಂದ ಎರಡು ಬಗೆಯಲ್ಲಿ ಅಳೆಯಲು ನಿರ್ಧರಿಸಿದೆ. ಮೊದಲನೆಯದರಲ್ಲಿ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು 142 ವ್ಯಾಟ್‌ಗೆ ಕಟ್ಟಿಹಾಕುವುದು. ವಿದ್ಯುತ್ ಉಳಿಸಲೆಂದು ಎಎಂಡಿ ಕೊಟ್ಟಿರುವ ಇಕೊ ಮೋಡ್‌ನಲ್ಲಿ 105 ವ್ಯಾಟ್ ಎಂದು ಆರಿಸಿದರೆ ಸಾಕೆಟ್ಟಿಗೆ ಸಿಗುವುದು ಇದೇ 142. ಆಗ ವಿದ್ಯುತ್ತು ಸ್ಥಿರವಾಗಿ, ಉಷ್ಣಾಂಶದ ವ್ಯತ್ಯಾಸ ಮಾತಾಡುತ್ತದೆ. ಎರಡನೆಯದರಲ್ಲಿ ಮಿತಿಯನ್ನು ಸಡಿಲಿಸಿ, 95 ಡಿಗ್ರಿಯಲ್ಲಿ ಪ್ರೊಸೆಸರ್ ಎಷ್ಟು ವ್ಯಾಟ್ ಹಿಡಿದುಕೊಳ್ಳುತ್ತದೆ ಎಂದು ನೋಡುವುದು. ಆಗ ಉಷ್ಣಾಂಶ ಸ್ಥಿರ, ವ್ಯಾಟ್ ಮಾತಾಡುತ್ತದೆ. ಕೆಲಸದ ಹೊರೆಗೆ ಪ್ರೊಸೆಸರಿನ ವೇಗ ಅಳೆದು ಅಂಕ ಕೊಡುವ ಸಿನಿಬೆಂಚ್ ಆರ್23 ತಂತ್ರಾಂಶವನ್ನು ಹತ್ತು ನಿಮಿಷಕ್ಕೆ ಬದಲಾಗಿ ನಲವತ್ತು ನಿಮಿಷ ಓಡಿಸಿದೆ; ಎಲ್ಲ ಸೆನ್ಸರುಗಳ ಸಂಖ್ಯೆಗಳನ್ನು ಎಚ್‌ಡಬ್ಲ್ಯುಇನ್ಫೊ ತಂತ್ರಾಂಶ ಎರಡು ಸೆಕೆಂಡಿಗೊಮ್ಮೆ ಬರೆದಿಟ್ಟಿತು. ಪಂಪನ್ನು ಪೂರ್ತಿ ವೇಗಕ್ಕೆ ನಿಲ್ಲಿಸಿದೆ. ಮದರ್‌ಬೋರ್ಡು ಪಂಪನ್ನೂ ಫ್ಯಾನೆಂದು ಭಾವಿಸಿ ನಿಧಾನ ಮಾಡುವ ಸಂಭವ ಇರುವುದರಿಂದ, ಇದನ್ನು ಮರೆತರೆ ಉಳಿದೆಲ್ಲ ಅಳತೆಯೂ ವ್ಯರ್ಥವಾಗುತ್ತದೆ.

ಕೋಣೆಯ ಉಷ್ಣಾಂಶಕ್ಕೆ ಎರಡು ತಂತಿಗಳಿರುವ ಕೆ-ಬಗೆಯ ಥರ್ಮೋಕಪಲ್ ಮಾಪಕವನ್ನು ಬಳಸಿದೆ. ಬಳಸುವ ಮುನ್ನ ಅದನ್ನೇ ಪರೀಕ್ಷಿಸಬೇಕಿತ್ತು. ಒಂದು ಸ್ಟೀಲ್ ಲೋಟದಲ್ಲಿ ಫ್ರಿಜ್ಜಿನ ಮಂಜುಗಡ್ಡೆಯನ್ನು ಜಜ್ಜಿ ತುಂಬಿ, ತಣ್ಣೀರು ಹೊಯ್ದು, ಚಮಚದಿಂದ ಕಲಕುತ್ತ ಎರಡೂ ತಂತಿಗಳ ತುದಿಯನ್ನು ಮಧ್ಯದಲ್ಲಿ ಹಿಡಿದೆ. ಕರಗುವ ಮಂಜುಗಡ್ಡೆ ಇರುವ ತನಕ ಅದು ಸೊನ್ನೆ ಡಿಗ್ರಿಯಲ್ಲೇ ಇರಬೇಕು. ಒಂದು ತಂತಿ 0.3, ಇನ್ನೊಂದು 0.9 ತೋರಿಸಿತು. ಕುದಿಯುವ ನೀರಿನಲ್ಲೂ ಇಟ್ಟು ನೋಡಿದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕೆ ಬದಲು 98.5 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಎರಡೂ ತಂತಿಗಳ ತಪ್ಪನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಮುಂದಿನ ಎಲ್ಲ ಅಳತೆಗಳಿಂದ ಅಷ್ಟನ್ನು ಕಳೆದೆ. ಗೋಡೆಯ ಗಡಿಯಾರದಲ್ಲಿರುವ ಉಷ್ಣಾಂಶವನ್ನು ನೋಡಿ ಬರೆಯುವವರಿದ್ದಾರೆ; ಆದರೆ ಕೂಲರ್ ಗೋಡೆಯ ಗಾಳಿಯನ್ನು ಉಸಿರಾಡುವುದಿಲ್ಲ. ಒಂದು ತಂತಿಯನ್ನು ಕ್ಯಾಬಿನೆಟ್ಟಿನ ಮುಂಭಾಗದ ಗಾಳಿ ಒಳಹೋಗುವ ಜಾಗದಿಂದ ನಾಲ್ಕು ಬೆರಳು ದೂರದಲ್ಲಿ, ಇನ್ನೊಂದನ್ನು ರೇಡಿಯೇಟರಿನ ಕೆಳಗೆ ಅಂಟಿಸಿದೆ.

ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವಿನ ಸಂದು ತುಂಬಿ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚುವ ಕೆಲಸ ತಾಳ್ಮೆ ಬೇಡುತ್ತದೆ. 7950ಎಕ್ಸ್ ಕೂರುವ ಎಎಂ5 ಎಂಬ ಸಾಕೆಟ್ಟಿನ ಪ್ರೊಸೆಸರುಗಳ ಮೇಲಿನ ಲೋಹದ ಮುಚ್ಚಳಕ್ಕೆ ಎಂಟು ಕಾಲುಗಳಿದ್ದು, ಆ ಕಾಲುಗಳ ನಡುವಿನ ಸಂದಿಯಲ್ಲಿ ಸಣ್ಣ ಕೆಪ್ಯಾಸಿಟರುಗಳು ಕಾಣುತ್ತವೆ. ಪೇಸ್ಟ್ ಹೆಚ್ಚಾದರೆ ಅಲ್ಲಿಗೆ ಇಳಿದು, ಒರೆಸುವುದೇ ಒಂದು ಸಾಹಸವಾಗುತ್ತದೆ. ನಡುವೆ ತೊಗರಿ ಕಾಳಿನಷ್ಟು, ನಾಲ್ಕು ಮೂಲೆಗಳಿಗೆ ಅದರ ಅರ್ಧದಷ್ಟು ಇಟ್ಟೆ. ಸ್ಕ್ರೂಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಒಮ್ಮೆ ಕೂರಿಸಿ ಅಳೆದದ್ದನ್ನು ನಂಬುವಂತಿಲ್ಲ. ಕೂಲರನ್ನು ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡೂ ಮೈಗಳನ್ನು ಒರೆಸಿ, ಹೊಸದಾಗಿ ಪೇಸ್ಟ್ ಹಚ್ಚಿ ಒಟ್ಟು ಮೂರು ಸಲ ಕೂರಿಸಿದೆ. 142 ವ್ಯಾಟ್‌ನಲ್ಲಿ ವ್ಯತ್ಯಾಸ ಮೊದಲ ಸಲ 44 ಡಿಗ್ರಿ, ಎರಡನೆಯ ಸಲ 46, ಮೂರನೆಯ ಸಲ ಮತ್ತೆ 44. ಅದೇ ಕೂಲರ್, ಅದೇ ಕೈ, ಅದೇ ಪೇಸ್ಟ್. ಆದರೂ 2 ಡಿಗ್ರಿ ಹೆಚ್ಚುಕಡಿಮೆ. ಎರಡು ಕೂಲರುಗಳ ನಡುವೆ ಒಂದು ಡಿಗ್ರಿಯ ಅಂತರ ತೋರಿಸಿ ಗೆದ್ದವರು ಸೋತವರು ಎಂದು ಸಾರುವ ಪಟ್ಟಿಗಳನ್ನು ಕಂಡಾಗ, ಎಷ್ಟು ಸಲ ಕೂರಿಸಿ ನೋಡಿದ್ದೀರಿ ಎಂದು ಕೇಳಬೇಕೆನಿಸುತ್ತದೆ.

ಈ ಮೊದಲ ಅಳತೆಗಳೆಲ್ಲ ಜನವರಿಯ ನಸುಕಿನಲ್ಲಿ, ಕೋಣೆ 24 ಡಿಗ್ರಿ ಇದ್ದಾಗ ನಡೆದವು. ಗಾಳಿಯಿಂದ ತಂಪಾಗಿಸುವ ಕೂಲರಿನಲ್ಲಿ ಐದಾರು ನಿಮಿಷಕ್ಕೆ ಸಂಖ್ಯೆಗಳು ನಿಲ್ಲುತ್ತವೆ. ದ್ರವದ ಕೂಲರ್ ಹಾಗಲ್ಲ, ನೀರು ನಿಧಾನವಾಗಿ ಕಾಯುತ್ತದೆ. ಹೊರೆ ಹಾಕಿದ ಮೊದಲ ನಿಮಿಷದಲ್ಲಿ ಪ್ರೊಸೆಸರ್ 61 ಡಿಗ್ರಿ ತೋರಿಸಿ ಬಹಳ ಆಸೆ ಹುಟ್ಟಿಸಿತು. ಹತ್ತನೆಯ ನಿಮಿಷಕ್ಕೆ 66. ಇಪ್ಪತ್ತೈದರ ಹೊತ್ತಿಗೆ 68ಕ್ಕೆ ಬಂದು ನಿಂತಿತು. ಅವಸರದ ಪರೀಕ್ಷೆಯಲ್ಲಿ ಲಿಕ್ವಿಡ್ ಕೂಲರಿಗೆ ಇಲ್ಲದ ಗುಣ ಬಂದುಬಿಡುವುದು ಹೀಗೆ. ಇನ್ನೊಂದು ಸೂಕ್ಷ್ಮವನ್ನೂ ಅಂದು ಕಂಡೆ. ಕೂಲರ್ ಶಾಖವನ್ನು ಮಾಯ ಮಾಡುವುದಿಲ್ಲ, ಕೋಣೆಗೇ ಸುರಿಯುತ್ತದೆ. ಮುಚ್ಚಿದ ಹತ್ತು ಅಡಿ ಚೌಕದ ಕೋಣೆ ನಲವತ್ತು ನಿಮಿಷದಲ್ಲಿ ಒಂದೂವರೆ ಡಿಗ್ರಿ ಏರಿತ್ತು. ಆದ್ದರಿಂದ ಆರಂಭದಲ್ಲಿ ಒಮ್ಮೆ ಕೋಣೆಯನ್ನು ಅಳೆದರೆ ಸಾಲದು. ಪ್ರತಿ ನಿಮಿಷದ ಪ್ರೊಸೆಸರ್ ಉಷ್ಣಾಂಶದಿಂದ ಅದೇ ನಿಮಿಷದ ಕೋಣೆಯ ಉಷ್ಣಾಂಶವನ್ನು ಕಳೆಯಬೇಕು.

ಮಿತಿಯನ್ನು ಸಡಿಲಿಸಿದಾಗ ಪ್ರೊಸೆಸರ್ 95 ಡಿಗ್ರಿಗೆ ಹೋಗಿ, 226 ವ್ಯಾಟ್ ಹಿಡಿದು ನಿಂತಿತು. ತನಗೆ ಅನುಮತಿಯಿದ್ದ 230ರ ಹೊಸ್ತಿಲಿನವರೆಗೆ ಬಂದಂತಾಯಿತು. ಹಳೆಯ ಕೂಲರ್ ಕೆಟ್ಟ ದಿನಗಳಲ್ಲಿ ಗೆಳೆಯರೊಬ್ಬರಿಂದ ಎರವಲು ತಂದಿದ್ದ, ಎರಡು ಗೋಪುರಗಳ ದೊಡ್ಡ ಏರ್ ಕೂಲರನ್ನೂ ಇದೇ ಕ್ರಮದಲ್ಲಿ ಅಳೆದಿದ್ದೆ: 142 ವ್ಯಾಟ್‌ನಲ್ಲಿ ವ್ಯತ್ಯಾಸ 47, ಸಡಿಲಬಿಟ್ಟಾಗ 95 ಡಿಗ್ರಿಯಲ್ಲಿ 212 ವ್ಯಾಟ್. ಅಂದರೆ ಪಂಪು, ನೀರು, ಕೊಳವೆ ಇಷ್ಟೆಲ್ಲ ಸೇರಿ ತಂದುಕೊಟ್ಟ ಲಾಭ 3 ಡಿಗ್ರಿ. ಇಷ್ಟೇಯೇ ಎಂದು ನನಗೆ ನಿರಾಶೆಯಾಯಿತೆಂದು ಒಪ್ಪಿಕೊಳ್ಳಬೇಕು. ಕಾರಣ ಹುಡುಕಿದಾಗ ಸಿಕ್ಕ ಉತ್ತರ, ಈ ಇಡೀ ಪರೀಕ್ಷೆಯಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸಿದ್ದು.

ಹೊಸ ಕೂಲರಿನ ದ್ರವದಲ್ಲಿಯೇ ಒಂದು ಸೆನ್ಸರ್ ಇದೆ. 142 ವ್ಯಾಟ್ ಹೊರೆಯಲ್ಲಿ, ಕೋಣೆ 24 ಇದ್ದಾಗ, ದ್ರವ ಬರೀ 34.5 ಡಿಗ್ರಿ ಇತ್ತು. ಅಂದರೆ 44 ಡಿಗ್ರಿ ವ್ಯತ್ಯಾಸದಲ್ಲಿ ಗಾಳಿಗೂ ದ್ರವಕ್ಕೂ ನಡುವಿನದು 10.5 ಮಾತ್ರ, ಮಿಕ್ಕ 33.5 ಡಿಗ್ರಿಯೂ ಸಿಲಿಕಾನ್, ಅದರ ಮೇಲಿನ ಮುಚ್ಚಳ, ಪೇಸ್ಟ್, ತಾಮ್ರದ ತಟ್ಟೆ ಇವುಗಳನ್ನು ದಾಟುವುದರಲ್ಲೇ ಖರ್ಚಾಗುತ್ತಿತ್ತು. ಕೊಡದ ತುಂಬ ನೀರಿದ್ದರೂ ಬಾಯಿ ಕಿರಿದಾಗಿದ್ದರೆ ಸುರಿಯುವುದು ನಿಧಾನ. ಹಾಗೆಯೇ, ಉಗುರಿನಷ್ಟು ಜಾಗದಿಂದ ಶಾಖ ಮೇಲೇಳುವುದೇ ಇಲ್ಲಿನ ಇಕ್ಕಟ್ಟು. ಎಎಂ5ರಲ್ಲಿ ಹಿಂದಿನ ಸಾಕೆಟ್ಟಾದ ಎಎಂ4ರ ಕೂಲರುಗಳೇ ಹೊಂದಿಕೊಳ್ಳಲೆಂದು ಈ ಮುಚ್ಚಳವನ್ನು ದಪ್ಪವಾಗಿ ಇಟ್ಟಿರುವುದೂ ಆ ಇಕ್ಕಟ್ಟಿಗೆ ತನ್ನ ಪಾಲು ಸೇರಿಸುತ್ತದೆ. ಕೋರ್‌ಗಳಿರುವ ತುಣುಕುಗಳು ಮುಚ್ಚಳದ ನಟ್ಟನಡುವೆ ಇರದೆ ಒಂದು ಅಂಚಿನ ಕಡೆಗೆ ಸರಿದಿರುವುದರಿಂದ, ತಟ್ಟೆಯನ್ನು ಆ ಕಡೆಗೆ ಕೆಲವು ಮಿಲಿಮೀಟರ್ ಸರಿಸಿ ಕೂರಿಸುವ ಪಟ್ಟಿಗಳನ್ನು ಕೆಲವು ಕಂಪನಿಗಳು ಕೊಡುತ್ತವೆ; ನನ್ನ ಮೇಲಿನ ಅಳತೆಗಳೆಲ್ಲ ಅಂಥ ಪಟ್ಟಿಯೊಂದಿಗೇ ಬಂದವು.

ಇದನ್ನು ತಿಳಿದ ಮೇಲೆ 240 ಮಿಲಿಮೀಟರ್ ರೇಡಿಯೇಟರಿಗೂ 360ಕ್ಕೂ ಇರುವ ಅಂತರ ಬೇರೆಯೇ ಆಗಿ ಕಂಡಿತು. ನನ್ನದು 240. ಒಂದೂವರೆ ಪಟ್ಟು ದೊಡ್ಡ ರೇಡಿಯೇಟರ್ ಹಾಕಿದರೆ ಕಡಿಮೆಯಾಗುವುದು ಗಾಳಿಗೂ ದ್ರವಕ್ಕೂ ನಡುವಿನ ಆ 10.5 ಡಿಗ್ರಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ, ಅಂದರೆ ಮೂರೂವರೆ ಡಿಗ್ರಿ. ಮಿಕ್ಕ 33.5ನ್ನು ಎಷ್ಟು ದೊಡ್ಡ ರೇಡಿಯೇಟರೂ ಮುಟ್ಟಲಾರದು. ಹಾಗೆಂದು ದೊಡ್ಡದು ವ್ಯರ್ಥವೆಂದಲ್ಲ. ಅದೇ ಉಷ್ಣಾಂಶವನ್ನು ನಿಧಾನವಾಗಿ ತಿರುಗುವ ಫ್ಯಾನುಗಳಿಂದ, ಕಡಿಮೆ ಸದ್ದಿನಲ್ಲಿ ಪಡೆಯಬಹುದು. ನನ್ನ ಫ್ಯಾನುಗಳನ್ನು ನಿಮಿಷಕ್ಕೆ 1,800 ಸುತ್ತಿನಿಂದ 1,000ಕ್ಕೆ ಇಳಿಸಿದಾಗ ದ್ರವ ಮೂರೂವರೆ ಡಿಗ್ರಿ ಏರಿತು, ಪ್ರೊಸೆಸರೂ ಅಷ್ಟೇ ಏರಿತು. ಆದರೆ ಪಕ್ಕದ ಕೋಣೆಗೂ ಕೇಳುತ್ತಿದ್ದ ಸದ್ದು ಮೇಜಿನ ಪಕ್ಕ ಕುಳಿತವನಿಗೂ ಕೇಳದಂತಾಯಿತು. ಫ್ಯಾನುಗಳ ವೇಗವನ್ನು ಪ್ರೊಸೆಸರಿನ ಬದಲು ದ್ರವದ ಉಷ್ಣಾಂಶಕ್ಕೆ ಕಟ್ಟಿದ ಮೇಲಂತೂ, ಒಂದು ಕಡತ ತೆರೆದರೂ ಫ್ಯಾನ್ ಗುಯ್ಯೆಂದು ಏರಿ ಇಳಿಯುವ ಕಿರಿಕಿರಿ ಪೂರ್ತಿ ನಿಂತಿತು. ಪ್ರೊಸೆಸರ್ ಕ್ಷಣಕ್ಕೊಮ್ಮೆ ಇಪ್ಪತ್ತು ಡಿಗ್ರಿ ಜಿಗಿಯುತ್ತದೆ, ನೀರು ಜಿಗಿಯುವುದಿಲ್ಲ.

ಇನ್ನು ಮೇ ತಿಂಗಳ ವಿಷಯ. ಕೋಣೆ 36 ಇದ್ದರೆ, 44 ಸೇರಿಸಿ 80 ಬರಬೇಕೆಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಪರೀಕ್ಷೆಗೆ ಕುಳಿತಿದ್ದೆ. ಅಣ್ಣನ ಮಗ ಫ್ಯಾನ್ ಹಾಕಿ ಕೆಡಿಸಿದ ಅಳತೆಯನ್ನು ಬಿಟ್ಟು, ಮತ್ತೆ ಮೊದಲಿನಿಂದ ನಡೆಸಿದ್ದರಲ್ಲಿ ಬಂದದ್ದು 83.5. ಬಿಸಿಲಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ಬಹಳ ಸುಲಭವಾಗಿತ್ತು. ಆದರೆ ಬಿಸಿಲನ್ನು ಆಗಲೇ ಕಳೆದಾಗಿದೆ. ವ್ಯತ್ಯಾಸವೇ 44ರಿಂದ 47.5ಕ್ಕೆ ಏರಿತ್ತು. ದ್ರವದ ಸಾಲನ್ನು ನೋಡಿದೆ. ಗಾಳಿಗಿಂತ 10.5 ಹೆಚ್ಚಿರಬೇಕಾದ ದ್ರವ 14 ಹೆಚ್ಚಿತ್ತು. ಏರಿದ ಮೂರೂವರೆ ಡಿಗ್ರಿಯೆಲ್ಲ ದ್ರವಕ್ಕೂ ಗಾಳಿಗೂ ನಡುವೆಯೇ ಇತ್ತು; ದ್ರವದಿಂದ ಸಿಲಿಕಾನ್‌ವರೆಗಿನ ಅಂತರ ಜನವರಿಯಲ್ಲಿದ್ದಷ್ಟೇ ಇತ್ತು. ಹಾಗಾದರೆ ಪೇಸ್ಟ್ ಒಣಗಿಲ್ಲ, ತಟ್ಟೆ ಸಡಿಲವಾಗಿಲ್ಲ. ಗಾಳಿಯ ದಾರಿಯಲ್ಲಿ ಏನೋ ಅಡ್ಡಬಂದಿದೆ.

ಟಾರ್ಚ್ ಹಿಡಿದು ರೇಡಿಯೇಟರನ್ನು ಕೆಳಗಿನಿಂದ ನೋಡಿದೆ. ಅಲ್ಯೂಮಿನಿಯಮ್ ರೆಕ್ಕೆಗಳ ನಡುವೆ ಮಣ್ಣುಬಣ್ಣದ ನಯವಾದ ಧೂಳು ಕಂಬಳಿಯಂತೆ ಕೂತಿತ್ತು, ಅದರೊಳಗೆ ಸಣ್ಣ ಹೊಟ್ಟಿನ ಚೂರುಗಳು ಸಿಕ್ಕಿಕೊಂಡಿದ್ದವು. ನಮ್ಮ ಮನೆಯ ಹಿಂದೆ ಎರಡು ಹೊಲ ದಾಟಿದರೆ ತೊಗರಿ ಬೆಳೆಯುತ್ತಾರೆ. ಜನವರಿಯಲ್ಲಿ ರಾಶಿ ಮಾಡುವಾಗ ಏಳುವ ಧೂಳು ವಾರಗಟ್ಟಲೆ ಗಾಳಿಯಲ್ಲಿ ಇರುತ್ತದೆ, ಕಿಟಕಿಯ ಸರಳುಗಳ ಮೇಲೆ, ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂರುತ್ತದೆ. ಅದೇ ಧೂಳು ಮುಂಭಾಗದ ಜಾಲರಿಯನ್ನೂ ದಾಟಿ ಇಲ್ಲಿಗೆ ಬಂದಿತ್ತು. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೇಲಿನಿಂದ ಕೆಳಕ್ಕೆ ಬ್ಲೋವರ್ ಹಿಡಿದೆ. ಜಾಲರಿಯನ್ನು ನಲ್ಲಿಯ ಕೆಳಗೆ ತೊಳೆದು ಒಣಗಿಸಿದೆ. ಮರುದಿನ ಅದೇ ಹೊತ್ತಿಗೆ, ಅದೇ 36 ಡಿಗ್ರಿಯಲ್ಲಿ ಮತ್ತೆ ನಲವತ್ತು ನಿಮಿಷ ಓಡಿಸಿದೆ. ಪ್ರೊಸೆಸರ್ 80, ದ್ರವ 46.5.

ಸಡಿಲಬಿಟ್ಟ ಪರೀಕ್ಷೆಯಲ್ಲಿ ಬೇಸಿಗೆಯ ಬೆಲೆ ಸ್ಪಷ್ಟವಾಗಿ ಕಂಡಿತು. 95ಕ್ಕೂ 36ಕ್ಕೂ ನಡುವೆ ಉಳಿಯುವುದು 59 ಡಿಗ್ರಿಯ ಅವಕಾಶ ಮಾತ್ರ. ಜನವರಿಯಲ್ಲಿ ಅದು 71 ಇತ್ತು. ಪ್ರೊಸೆಸರ್ 190 ವ್ಯಾಟ್‌ಗೆ ಇಳಿದು ನಿಂತಿತು, ಎಲ್ಲ ಕೋರ್‌ಗಳ ವೇಗ 5.0ರಿಂದ 4.8 ಗಿಗಾಹರ್ಟ್ಸ್‌ಗೆ ತಗ್ಗಿತು, ಸಿನಿಬೆಂಚ್ ಅಂಕ 38,000ದ ಆಸುಪಾಸಿನಿಂದ 36,400ಕ್ಕೆ ಬಂತು. ದ್ರವ 50 ಡಿಗ್ರಿ ಮುಟ್ಟಿತು. ಈ ಸಂಖ್ಯೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂಥ ಕೂಲರುಗಳ ದ್ರವವನ್ನು 60 ಡಿಗ್ರಿ ದಾಟಲು ಬಿಡಬಾರದೆಂಬುದು ರೂಢಿ. ಬಿಸಿಯಾದಷ್ಟೂ ರಬ್ಬರ್ ಕೊಳವೆಯ ಗೋಡೆಯ ಮೂಲಕ ಆವಿಯಾಗಿ ಹೋಗುವ ದ್ರವ ಹೆಚ್ಚುತ್ತದೆ, ಮತ್ತು ಮುದ್ರೆ ಹಾಕಿದ ಕೂಲರಿಗೆ ಮತ್ತೆ ತುಂಬುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಹೋದ ದ್ರವದ ಜಾಗವನ್ನು ಗಾಳಿಯ ಗುಳ್ಳೆ ತುಂಬುತ್ತದೆ. ಆ ಗುಳ್ಳೆ ಯಾವಾಗಲೂ ಅತಿ ಎತ್ತರದ ಜಾಗವನ್ನು ಹುಡುಕಿಕೊಂಡು ಹೋಗುವುದರಿಂದ, ಪಂಪಿಗಿಂತ ರೇಡಿಯೇಟರಿನ ಒಂದು ಭಾಗವಾದರೂ ಎತ್ತರದಲ್ಲಿರಲೇಬೇಕು. ನಾನು ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮಾಡಿಗೆ ಕಟ್ಟಿರುವುದು ಈ ಕಾರಣಕ್ಕೆ. ಗ್ರಾಫಿಕ್ಸ್ ಕಾರ್ಡೂ ಜೊತೆಗೆ ದುಡಿದಾಗ ಅದರ ಬಿಸಿಗಾಳಿ ಮೇಲೇರಿ ರೇಡಿಯೇಟರಿನ ಕೆಳಗಿನ ತಂತಿ 7 ಡಿಗ್ರಿ ಹೆಚ್ಚು ತೋರಿಸುತ್ತದೆ ಎಂಬ ನಷ್ಟವನ್ನು ತಿಳಿದೇ ಹಾಗೆ ಮಾಡಿದ್ದೇನೆ.

ಇಷ್ಟೆಲ್ಲ ಅಳೆದ ಮೇಲೆ ದಿನನಿತ್ಯದ ಕೆಲಸಕ್ಕೆ ನಾನು ಆರಿಸಿಕೊಂಡದ್ದು, ಪರೀಕ್ಷೆಯ ಅನುಕೂಲಕ್ಕೆಂದು ಕಟ್ಟಿಹಾಕಿದ್ದ ಆ 142 ವ್ಯಾಟ್ ಮಿತಿಯನ್ನೇ. ಸಿನಿಬೆಂಚ್ ಅಂಕ ಅಲ್ಲಿ 34,900 ಬರುತ್ತದೆ. ನನ್ನ ಒಂದು ಮಾದರಿ ದೃಶ್ಯ ಜನವರಿಯಲ್ಲಿ ಮಿತಿ ಸಡಿಲಿಸಿದಾಗ 11 ನಿಮಿಷ ತೆಗೆದುಕೊಂಡರೆ, ಈ ಮಿತಿಯಲ್ಲಿ 12 ನಿಮಿಷ ತೆಗೆದುಕೊಳ್ಳುತ್ತದೆ. ಒಂದು ನಿಮಿಷ ಹೆಚ್ಚು ಕಾದರೆ ಆ ಚಿತ್ರಕ್ಕೆ ಪ್ರೊಸೆಸರ್ ಸುಡುವ ವಿದ್ಯುತ್ತು ಮೂರನೆಯ ಒಂದು ಭಾಗದಷ್ಟು ಉಳಿಯುತ್ತದೆ, ಮೇ ತಿಂಗಳಲ್ಲಿಯೂ ದ್ರವ 47 ದಾಟುವುದಿಲ್ಲ, ಮತ್ತು ಕೋಣೆಯೊಳಗೆ ಮಲಗಿದವನಿಗೆ ಅಷ್ಟಾದರೂ ಕಡಿಮೆ ಸೆಕೆ. ಏರ್ ಕೂಲರೂ ಈ ಮಿತಿಯಲ್ಲಿ ಧಾರಾಳವಾಗಿ ಸಾಕಾಗುತ್ತಿತ್ತು. ನಿಲ್ಲಬಹುದಾದ ಪಂಪ್ ಅದರಲ್ಲಿ ಇಲ್ಲ. ಇದನ್ನು ಮೊದಲೇ ಅಳೆದು ತಿಳಿದಿದ್ದರೆ ಬಹುಶಃ ಅದನ್ನೇ ಕೊಳ್ಳುತ್ತಿದ್ದೆ.

ಜುಲೈಯಲ್ಲಿ ನಾಲ್ಕು ದಿನ ಎಡೆಬಿಡದೆ ಮಳೆ ಹಿಡಿದಾಗ ಮತ್ತೊಮ್ಮೆ ಪರೀಕ್ಷೆಗೆ ಕುಳಿತೆ. ಈ ಸಲ ಅಣ್ಣನ ಮಗನೇ ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ, ಥರ್ಮಾಮೀಟರಿನ ಪಕ್ಕ ನೋಟ್‌ಬುಕ್ ಹಿಡಿದು ಕುಳಿತ. ನಲವತ್ತನೆಯ ನಿಮಿಷಕ್ಕೆ ಪರದೆಯ ಮೇಲೆ 73 ಇತ್ತು. ಅವನು ತಂತಿಯ ಸಂಖ್ಯೆಯನ್ನು ಓದಿ, ಮೊದಲ ಪುಟಕ್ಕೆ ತಿರುಗಿ 0.3 ಕಳೆದು, "ಇಪ್ಪತ್ತೊಂಬತ್ತು, ಕಾಕಾ" ಎಂದ.